ತೋಟದ ತರಕಾರಿ ಚಳಿಗಾಲಕ್ಕೂ ಬೇಕಂದ್ರೆ: ಯಾವುದನ್ನ ಹೇಗಿಡೋದು, ಯಾಕೆ ಹಾಗೇ ಇಡೋದು

ಮನೆ ಹಿತ್ತಲಲ್ಲಿ ತರಕಾರಿ ಬೆಳೆಯೋರಿಗೆಲ್ಲ ಒಂದು ಕಷ್ಟ ಗೊತ್ತಿರತ್ತೆ, ಬಂದ್ರೆ ಎಲ್ಲಾ ಒಟ್ಟಿಗೇ ಬರತ್ತೆ. ಬೀನ್ಸು ದಿನಾ ಬುಟ್ಟಿ ತುಂಬ, ಟೊಮ್ಯಾಟೊ ಕಿತ್ತಷ್ಟೂ ಹಣ್ಣಾಗ್ತಾನೇ ಇರತ್ತೆ, ಅಕ್ಕಪಕ್ಕದೋರಿಗೆ ಕೊಟ್ಟು ಕೊಟ್ಟು ಅವರೂ ಸಾಕು ಅಂತಾರೆ, ಆಮೇಲೆ ಚಳಿ ಹಿಡಿದಾಗ ನೋಡಿದ್ರೆ ಗಿಡದಲ್ಲಿ ಏನೂ ಇರಲ್ಲ. ಅದಕ್ಕೇ ಕೈಗೆ ಸಿಕ್ಕಿದ್ದನ್ನೆಲ್ಲ ಹೆಚ್ಚಿ ಕವರಿಗೆ ತುಂಬಿ ಫ್ರೀಜರಿಗೆ ತಳ್ಳಿಬಿಡೋದು. ಕೆಲವು ತಿಂಗಳಾದ ಮೇಲೆ ಆ ಕವರು ಬಿಚ್ಚಿದ್ರೆ ಒಳಗಿರೋದು ಏನು ಅಂತಾನೇ ಗೊತ್ತಾಗಲ್ಲ, ಬೇಯಿಸಿದ್ರೆ ಒಣಹುಲ್ಲಿನ ವಾಸನೆ.

ನನಗನ್ಸೋದು ಇಲ್ಲಿ ನಾವು ಕೇಳ್ಕೊಳ್ಳೋ ಪ್ರಶ್ನೆನೇ ತಿರುಗುಮುರುಗಾಗಿದೆ ಅಂತ. "ಈ ಕ್ಯಾರೆಟ್ಟನ್ನ ಹೇಗಿಡೋದು" ಅನ್ನೋದಕ್ಕಿಂತ ಮೊದಲು "ಚಳಿಗಾಲದಲ್ಲಿ ಈ ಕ್ಯಾರೆಟ್ಟು ಯಾವ ಪಾತ್ರೆಗೆ ಬೀಳೋದು" ಅಂತ ಕೇಳ್ಬೇಕು. ಸೂಪಿಗೆ ಬೀಳೋ ಟೊಮ್ಯಾಟೊ ಮೆತ್ತಗಾದ್ರೆ ಏನೂ ನಷ್ಟ ಇಲ್ಲ, ಹಾಗಾಗಿ ಇಡಿಯಾಗಿ ಫ್ರೀಜ್ ಮಾಡ್ಬಹುದು. ಎಲೆಕೋಸು ಕರುಂ ಕರುಂ ಅನ್ನಬೇಕು ಅಂದ್ರೆ ಫ್ರೀಜರ್ ಯಾವತ್ತಿಗೂ ಆಗಲ್ಲ, ಉಪ್ಪು ಹಾಕಿ ಹುಳಿಸ್ಬೇಕು ಇಲ್ಲಾ ತಣ್ಣಗಿರೋ ಕಡೆ ಇಡಿಯಾಗಿ ಇಡ್ಬೇಕು. ಈ ಲೆಕ್ಕ ಹಾಕೋಕೆ ತರಕಾರಿ ಯಾಕೆ ಹಾಳಾಗತ್ತೆ ಅನ್ನೋದು ಸ್ವಲ್ಪ ಗೊತ್ತಿರ್ಬೇಕು, ಅದು ಗೊತ್ತಾದ್ರೆ ರೆಸಿಪಿ ಬಾಯಿಪಾಠ ಮಾಡೋ ಅಗತ್ಯ ಅಷ್ಟಿರಲ್ಲ (ಬಾಟ್ಲಿಂಗ್, ಅಂದ್ರೆ ಬಾಟ್ಲಿಗೆ ತುಂಬಿ ಬಿಸಿ ಮಾಡಿ ಮುಚ್ಚಿಡೋದು, ಅದೊಂದು ಬಿಟ್ಟು, ಅದರ ಕಥೆ ಬೇರೆ, ಮುಂದೆ ಹೇಳ್ತೀನಿ).

ಕಿತ್ತ ತರಕಾರಿ ಸತ್ತಿರಲ್ಲ, ಇನ್ನೂ ಉಸಿರಾಡ್ತಿರತ್ತೆ. ಒಳಗಿರೋ ಸಕ್ಕರೆನ ಸುಡ್ತಾ ಇರತ್ತೆ, ನೀರು ಕಳ್ಕೊಳ್ತಾ ಇರತ್ತೆ, ಅದಕ್ಕೇ ಬಾಡೋದು, ಅದಕ್ಕೇ ಈಗ ತಾನೇ ಕಿತ್ತ ಬಟಾಣಿ ಸಿಹಿ, ನಾಳೆ ಅದೇ ಬಟಾಣಿ ಸಪ್ಪೆ. ಎರಡನೇದು ಅದರೊಳಗಿನ ಕಿಣ್ವಗಳು, ಅಂದ್ರೆ ಎನ್ಜೈಮು, ಇವು ಬಣ್ಣ ರುಚಿ ಎಲ್ಲ ಮೆಲ್ಲಗೆ ಕೆಡಿಸ್ತಾ ಹೋಗ್ತವೆ. ಮೂರನೇದು ಹೊರಗಿನಿಂದ ಬರೋ ಬ್ಯಾಕ್ಟೀರಿಯಾ, ಬೂಷ್ಟು, ಯೀಸ್ಟು. ಇವಕ್ಕೆ ನೀರು ಬೇಕು, ಹದವಾದ ಶಾಖ ಬೇಕು, ಜಾಸ್ತಿ ಹುಳಿ ಇರಬಾರದು. ಕಾಪಿಡೋ ಎಲ್ಲಾ ವಿಧಾನಗಳೂ ಇದರಲ್ಲಿ ಒಂದನ್ನೋ ಎರಡನ್ನೋ ಕಿತ್ಕೊಳ್ತವೆ ಅಷ್ಟೆ. ಚಳಿ ಎಲ್ಲವನ್ನೂ ನಿಧಾನ ಮಾಡತ್ತೆ ಆದ್ರೆ ಸಾಯಿಸಲ್ಲ. ಒಣಗಿಸೋದು ನೀರು ತೆಗೆಯತ್ತೆ. ಉಪ್ಪು ಮತ್ತು ಹುಳಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋ ಜಾಗನ ಕೆಡಿಸತ್ತೆ. ಬಾಟ್ಲಿಂಗ್ ಶಾಖದಿಂದ ಕೊಂದು ಗಾಳಿ ಬರದಂಗೆ ಮುಚ್ಚತ್ತೆ.

ಮೊದಲು ಏನೂ ಮಾಡದೇ ಇಡೋದರ ಬಗ್ಗೆ. ಇದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ, ಆದ್ರೂ ಜನ ಇದನ್ನೇ ಮರೀತಾರೆ. ಕ್ಯಾರೆಟ್, ಬೀಟ್ರೂಟ್, ಮೂಲಂಗಿ ಇಂಥ ಗಡ್ಡೆಗಳಿಗೆ ಬೇಕಾಗಿರೋದು 0 ಡಿಗ್ರಿ ಸೆಲ್ಸಿಯಸ್ ಹತ್ತಿರದ ಚಳಿ ಮತ್ತೆ 90 ಶೇಕಡಾಗಿಂತ ಮೇಲೆ ತೇವ. ಸೊಪ್ಪು ಮೊದಲು ತೆಗೀರಿ, ಇಲ್ಲಾಂದ್ರೆ ಅದು ಗಡ್ಡೆಯ ನೀರನ್ನ ಹೀರ್ತಾ ಇರತ್ತೆ. ಬೀಟ್ರೂಟಿಗೆ ಮಾತ್ರ ಎರಡು ಮೂರು ಸೆಂಟಿಮೀಟರ್ ದಂಟು ಬಿಡಿ, ಬುಡಕ್ಕೇ ಕತ್ತರಿಸಿದ್ರೆ ಬೇಯಿಸುವಾಗ ಬಣ್ಣ ಎಲ್ಲ ನೀರಿಗೆ ಹೋಗಿಬಿಡತ್ತೆ. ತೊಳೀಬೇಡಿ, ಮಣ್ಣು ಕೊಡವಿ, ಒದ್ದೆ ಮರಳಿರೋ ಡಬ್ಬಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಪದರ ಪದರವಾಗಿ ಹೂತಿಡಿ, ತಂಪು ಸರಿಯಾಗಿದ್ರೆ ಕ್ಯಾರೆಟ್ಟು ನಾಲ್ಕರಿಂದ ಆರು ತಿಂಗಳು ಬರತ್ತೆ. ಮರಳು ಅಂದ್ರೆ ಕೈಯಲ್ಲಿ ಹಿಂಡಿದ್ರೆ ನೀರು ಸುರೀಬಾರದು, ಬರೀ ತೇವ.

ಈರುಳ್ಳಿ ಬೆಳ್ಳುಳ್ಳಿಗೆ ಪೂರ್ತಿ ಉಲ್ಟಾ, ತಂಪು ಬೇಕು ಆದ್ರೆ ತೇವ ಬೇಡ. ಕಿತ್ತ ಮೇಲೆ ಎರಡರಿಂದ ನಾಲ್ಕು ವಾರ ನೆರಳಲ್ಲಿ ಗಾಳಿ ಆಡೋ ಕಡೆ ಹರಡಿ, ಕತ್ತು ಪೂರ್ತಿ ಒಣಗಿ ಸಿಪ್ಪೆ ಗರಗರ ಅನ್ನಬೇಕು. ಕತ್ತು ದಪ್ಪ ಇರೋ ಈರುಳ್ಳಿ, ಹೂವು ಬಿಟ್ಟ ಈರುಳ್ಳಿ ಇಡೋಕೆ ಲಾಯಕ್ಕಲ್ಲ, ಮೊದಲು ಅಡುಗೆಗೆ ಹಾಕಿ. ಆಲೂಗಡ್ಡೆನೂ ಮೊದಲು ಎರಡು ವಾರ 10ರಿಂದ 15 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ರೆ ಅಗೆಯುವಾಗ ಆದ ಗಾಯ ಎಲ್ಲ ಮಾಯತ್ತೆ, ಆಮೇಲೆ 4-5 ಡಿಗ್ರಿಗೆ ಸಾಗಿಸ್ಬೇಕು. ಅದಕ್ಕಿಂತ ತಣ್ಣಗಾದ್ರೆ ಪಿಷ್ಟ ಸಕ್ಕರೆ ಆಗತ್ತೆ, ಹುರಿದ್ರೆ ಬೇಗ ಕಪ್ಪಾಗತ್ತೆ. ಬೆಳಕು ಬಿದ್ರೆ ಹಸಿರಾಗತ್ತೆ, ಆ ಹಸಿರು ಬರೀ ಕ್ಲೋರೋಫಿಲ್ ಆದ್ರೂ ಅದರ ಜೊತೆಗೇ ಸೊಲನಿನ್ ಅನ್ನೋ ವಿಷನೂ ಹೆಚ್ಚಿರತ್ತೆ, ಹಾಗಾಗಿ ಸ್ವಲ್ಪ ಇದ್ರೆ ಆಳವಾಗಿ ಕೆತ್ತಿ ತೆಗೀರಿ, ಜಾಸ್ತಿ ಇದ್ರೆ ಎಸೀರಿ. ಈರುಳ್ಳಿ ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಡೋದು ಎಲ್ಲಾ ಕಡೆ ಕಾಣೋ ಅಭ್ಯಾಸ, ಆದ್ರೆ ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಕೊಳೆಯತ್ತೆ. ಸೇಬುಹಣ್ಣನ್ನಂತೂ ಕ್ಯಾರೆಟ್ ಹತ್ತಿರ ಸೇರಿಸಲೇಬೇಡಿ, ಅದು ಬಿಡೋ ಎಥಿಲೀನ್ ಅನಿಲಕ್ಕೆ ಕ್ಯಾರೆಟ್ಟು ಕಹಿಯಾಗತ್ತೆ. ಎಷ್ಟೋ ಜನ ತಳಿ ಸರಿ ಇಲ್ಲ ಅಂತ ಬೈಯ್ಕೊಳ್ತಾರೆ, ತಪ್ಪು ಪಕ್ಕದಲ್ಲಿದ್ದ ಸೇಬಿನದ್ದು.

ಕುಂಬಳಕಾಯಿ, ಗೆಣಸು ಎರಡಕ್ಕೂ ಚಳಿ ಆಗಲ್ಲ. ಎರಡನ್ನೂ ಮೊದಲು 27ರಿಂದ 29 ಡಿಗ್ರಿ ಬೆಚ್ಚಗಿರೋ ಜಾಗದಲ್ಲಿ ವಾರ ಹತ್ತು ದಿನ ಇಟ್ಟು ಸಿಪ್ಪೆ ಗಟ್ಟಿ ಮಾಡ್ಕೊಂಡು, ಆಮೇಲೆ ಕುಂಬಳಕಾಯಿನ 10ರಿಂದ 13, ಗೆಣಸನ್ನ 13ರಿಂದ 15 ಡಿಗ್ರಿಯಲ್ಲಿಡಬೇಕು. ಗೆಣಸನ್ನ ಫ್ರಿಜ್ಜಲ್ಲಿಟ್ರೆ ಒಳಗೆ ಗಟ್ಟಿ ಗಂಟು ಕಟ್ಟಿ ಬೇಯೋದೇ ಇಲ್ಲ. ಕುಂಬಳಕಾಯಿಗೆ ತೊಟ್ಟು ಇರಲೇಬೇಕು, ತೊಟ್ಟು ಮುರಿದ ಜಾಗದಿಂದಲೇ ಕೊಳೆ ಶುರುವಾಗೋದು. ಇನ್ನು ಇಬ್ಬನಿ ಹೆಪ್ಪುಗಟ್ಟೋ ಚಳಿ ಬರೋ ಊರಲ್ಲಿ ಗಿಡದಲ್ಲಿ ಉಳಿದ ಹಸಿರು ಟೊಮ್ಯಾಟೊ ಇರತ್ತಲ್ಲ, ಅದನ್ನ ಮೊದಲೇ ಕಿತ್ತು 13ರಿಂದ 21 ಡಿಗ್ರಿಯಲ್ಲಿ ಪೇಪರಲ್ಲಿ ಸುತ್ತಿಟ್ರೆ ನಿಧಾನಕ್ಕೆ ಹಣ್ಣಾಗತ್ತೆ, ಬಿಸಿಲು ಬೇಡವೇ ಬೇಡ. ಕ್ಯಾರೆಟ್ಟು, ಎಲೆಕೋಸನ್ನ ಮಾತ್ರ ಸ್ವಲ್ಪ ಚಳಿ ತಿನ್ನೋಕೆ ಬಿಡಿ, ಹೆಪ್ಪುಗಟ್ಟದೇ ಇರೋಕೆ ಗಿಡ ತನ್ನೊಳಗೆ ಸಕ್ಕರೆ ಸೇರಿಸ್ಕೊಳ್ಳತ್ತೆ, ರುಚಿ ನಿಜವಾಗ್ಲೂ ಸಿಹಿಯಾಗತ್ತೆ.

ಈಗ ಫ್ರೀಜರ್. ಮೇಲೆ ಹೇಳಿದ ಒಣಹುಲ್ಲಿನ ವಾಸನೆಗೆ ಕಾರಣ ಇಷ್ಟೇ, -18 ಡಿಗ್ರಿಯಲ್ಲೂ ಕಿಣ್ವಗಳು ಪೂರ್ತಿ ನಿಲ್ಲಲ್ಲ, ತಿಂಗಳುಗಟ್ಟಲೆ ಮೆಲ್ಲಗೆ ಕೆಲಸ ಮಾಡ್ತಾನೇ ಇರ್ತವೆ. ಅವನ್ನ ನಿಲ್ಲಿಸೋಕೆ ಬ್ಲಾಂಚ್ ಮಾಡೋದು, ಅಂದ್ರೆ ಕುದಿಯೋ ನೀರಿಗೆ ಹಾಕಿ ಲೆಕ್ಕದ ನಿಮಿಷಕ್ಕೆ ತೆಗೆದು ಐಸ್ ನೀರಿಗೆ ಮುಳುಗಿಸೋದು. ಬೀನ್ಸು 3 ನಿಮಿಷ, ಹೂಕೋಸು 3, ಕ್ಯಾರೆಟ್ ಬಿಲ್ಲೆ 2, ಪಾಲಕ್ 2, ಬಟಾಣಿ ಒಂದೂವರೆ. ತಣ್ಣೀರಲ್ಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಅರ್ಧ ಕೆಜಿ ತರಕಾರಿಗೆ ನಾಲ್ಕು ಲೀಟರ್ ನೀರು ಬೇಕು, ಜಾಸ್ತಿ ಅನ್ಸತ್ತೆ ಆದ್ರೆ ತರಕಾರಿ ಬಿದ್ದ ಒಂದು ನಿಮಿಷದೊಳಗೆ ನೀರು ಮತ್ತೆ ಕುದೀಬೇಕು, ಕಮ್ಮಿ ನೀರಲ್ಲಿ ಅದಾಗಲ್ಲ. ಅರೆಬರೆ ಬ್ಲಾಂಚ್ ಮಾಡೋದು ಮಾಡದೇ ಇರೋದಕ್ಕಿಂತ ಕೆಟ್ಟದ್ದು, ಆ ಹದ ಬಿಸಿಗೆ ಕಿಣ್ವಗಳು ಇನ್ನೂ ಚುರುಕಾಗ್ತವೆ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಟೊಮ್ಯಾಟೊ ಇವಕ್ಕೆ ಬ್ಲಾಂಚ್ ಬೇಡ, ಹಾಗೇ ಇಡಬಹುದು.

ಆಮೇಲೆ ಒರೆಸಿ, ತಟ್ಟೆಯಲ್ಲಿ ಬಿಡಿ ಬಿಡಿಯಾಗಿ ಹರಡಿ ಗಟ್ಟಿಯಾದ ಮೇಲೆ ಕವರಿಗೆ ತುಂಬಿ, ಗಾಳಿ ತೆಗೆದು, ಹೆಸರು ತಾರೀಕು ಬರೀರಿ. ಯಾಕೆ ಬಿಡಿಯಾಗಿ ಅಂದ್ರೆ ಉದುರುದುರಾಗಿ ಸಿಗತ್ತೆ ಅನ್ನೋದು ಒಂದು, ಬೇಗ ಹೆಪ್ಪುಗಟ್ಟತ್ತೆ ಅನ್ನೋದು ಇನ್ನೊಂದು. ನಿಧಾನಕ್ಕೆ ಹೆಪ್ಪುಗಟ್ಟಿದ್ರೆ ಐಸ್ ಹರಳು ದೊಡ್ಡದಾಗಿ ಬೆಳೆದು ತರಕಾರಿಯ ಜೀವಕೋಶನ ಹರಿಯತ್ತೆ, ಕರಗಿದಾಗ ನೀರೆಲ್ಲ ಸೋರಿ ಮೆತ್ತಗಾಗತ್ತೆ. ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನೋ ಅಮೆರಿಕನ್ನು 1910ರ ದಶಕದಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ ಅಲ್ಲಿನ ಇನ್ಯುಯಿಟ್ ಜನ ಕೊರೆಯೋ ಚಳಿ ಗಾಳಿಗೆ ಮೀನು ಹಿಡಿದ ತಕ್ಷಣ ಹೆಪ್ಪುಗಟ್ಟಿಸೋದು ನೋಡಿ, ತಿಂಗಳಾದ ಮೇಲೂ ಅದರ ರುಚಿ ಹಾಗೇ ಇರೋದು ಗಮನಿಸಿದ, ಈಗಿನ ಫ್ರೋಜನ್ ಬಟಾಣಿ ಉದ್ಯಮ ಎಲ್ಲ ಅಲ್ಲಿಂದ ಹುಟ್ಟಿದ್ದು. ಮನೆ ಫ್ರೀಜರಿಗೆ ಆ ಶಕ್ತಿ ಇಲ್ಲ, ಹಾಗಾಗಿ ಒಂದೇ ದಿನ ಹತ್ತು ಕೆಜಿ ತುರುಕಬೇಡಿ, ಫ್ರೀಜರಿನ ಸುಮಾರು 28 ಲೀಟರ್ ಜಾಗಕ್ಕೆ ದಿನಕ್ಕೆ ಒಂದು ಒಂದೂವರೆ ಕೆಜಿ ಹೊಸ ತರಕಾರಿ ಸಾಕು. ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡ್ಕೊಳ್ಳತ್ತೆ, ಅರ್ಧ ಖಾಲಿ ಇದ್ರೆ 24.

ಒಣಗಿಸೋದು ಜಾಗ ಇಲ್ಲದವರಿಗೆ ಒಳ್ಳೇದು, ಒಂದು ದೊಡ್ಡ ಬುಟ್ಟಿ ಟೊಮ್ಯಾಟೊ ಒಂದು ಸಣ್ಣ ಡಬ್ಬಿ ಆಗತ್ತೆ. ಮೂರರಿಂದ ಆರು ಮಿಲಿಮೀಟರ್ ದಪ್ಪಕ್ಕೆ ಒಂದೇ ಸಮ ಹೆಚ್ಚಿ, 52ರಿಂದ 60 ಡಿಗ್ರಿ ಶಾಖ, ಗಾಳಿ ಓಡಾಡ್ಬೇಕು. ಬೇಗ ಆಗಲಿ ಅಂತ ಶಾಖ ಏರಿಸಿದ್ರೆ ಹೊರಗಡೆ ಗಟ್ಟಿ ಪೊರೆ ಕಟ್ಟಿ ಒಳಗಿನ ನೀರು ಒಳಗೇ ಸಿಕ್ಕಾಕೊಳ್ಳತ್ತೆ, ಡಬ್ಬಿಯಲ್ಲಿ ಬೂಷ್ಟು ಬರತ್ತೆ. ಮುರಿದ್ರೆ ಪಟ್ ಅಂತ ಮುರೀಬೇಕು, ಬಗ್ಗಿದ್ರೆ ಇನ್ನೂ ಆಗಿಲ್ಲ (ಟೊಮ್ಯಾಟೊ ಮಾತ್ರ ಸ್ವಲ್ಪ ತೊಗಲಿನ ಥರ ಇರ್ಬಹುದು, ಆದ್ರೆ ಅಂಟಬಾರದು). ಬೀನ್ಸು, ಕ್ಯಾರೆಟ್ಟಿಗೆ ಒಣಗಿಸೋ ಮೊದಲೂ ಬ್ಲಾಂಚ್ ಬೇಕು. ಬಿಸಿಲಲ್ಲಿ ಒಣಗಿಸೋದಾದ್ರೆ ಬಿಸಿಲು ಚುರುಕಾಗಿ, ಗಾಳಿ ಒಣಗಿರ್ಬೇಕು, ತೇವದ ಹವೆಯಲ್ಲಿ ಒಣಗೋ ಮೊದಲೇ ಹಳಸತ್ತೆ. ಆಮೇಲೆ 48 ಗಂಟೆ ಫ್ರೀಜರಲ್ಲಿಟ್ಟು ತೆಗೆದ್ರೆ ಹುಳದ ಮೊಟ್ಟೆ ಏನಾದ್ರೂ ಇದ್ರೆ ಸಾಯತ್ತೆ. ತಂಪಾದ ಕತ್ತಲೆ ಜಾಗದಲ್ಲಿ ಆರು ತಿಂಗಳು ಚೆನ್ನಾಗಿರತ್ತೆ, ಸೆಕೆ ಇರೋ ಅಡುಗೆಮನೆ ಕಪಾಟಲ್ಲಿ ಅದರ ಅರ್ಧ.

ಹುಳಿಸೋದು ನನಗೆ ತುಂಬ ಇಷ್ಟದ ವಿಧಾನ, ಕರೆಂಟು ಬೇಡ, ಗ್ಯಾಸು ಬೇಡ. ಎಲೆಕೋಸು ಸಣ್ಣಗೆ ಹೆಚ್ಚಿ ಕೆಜಿಗೆ 20ರಿಂದ 25 ಗ್ರಾಂ ಉಪ್ಪು ಹಾಕಿ, ನೀರು ಬಿಡೋವರೆಗೂ ಕೈಯಲ್ಲಿ ಹಿಸುಕಿ, ಜಾರಿಗೆ ಒತ್ತಿ ತುಂಬಿ, ಆ ನೀರಿನ ಕೆಳಗೆ ಮುಳುಗಿರೋ ಹಾಗೆ ಭಾರ ಇಡೋದು. ಉಪ್ಪನ್ನ ತೂಕ ಮಾಡಿ, ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಒಂದು ಚಮಚ ಬೇರೆ ಪುಡಿ ಉಪ್ಪಿನ ಒಂದು ಚಮಚ ಬೇರೆ. ಉಪ್ಪಿಗೆ ಹೆದರೋ ಬ್ಯಾಕ್ಟೀರಿಯಾ ಹಿಂದೆ ಸರಿಯತ್ತೆ, ಹೆದರದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎಲೆಕೋಸಿನ ಸಕ್ಕರೆ ತಿಂದು ಹುಳಿ ಮಾಡತ್ತೆ, ಮೊದಲು ಲ್ಯೂಕೊನೊಸ್ಟಾಕ್ ಅನ್ನೋ ಗುಂಪು ಶುರು ಮಾಡಿ, ಹುಳಿ ಹೆಚ್ಚಾದ ಮೇಲೆ ಅದು ತಾಳಲಾರದೆ ಸೋತು ಲ್ಯಾಕ್ಟೊಬ್ಯಾಸಿಲಸ್ ಗುಂಪು ಕೆಲಸ ಮುಗಿಸತ್ತೆ. 21ರಿಂದ 24 ಡಿಗ್ರಿಯಲ್ಲಿ ಮೂರು ನಾಲ್ಕು ವಾರ, 15-18 ಡಿಗ್ರಿಯಲ್ಲಿ ಐದಾರು ವಾರ. 24 ಡಿಗ್ರಿಗಿಂತ ಸೆಕೆ ಇದ್ರೆ ಮೆತ್ತಗಾಗತ್ತೆ. ಮೇಲೆ ಬಿಳಿ ತೆಳು ಪೊರೆ ಬಂದ್ರೆ ತೆಗೆದುಹಾಕಿ ಮುಂದುವರಿಸಿ, ಅದು ಯೀಸ್ಟು. ಕೂದಲು ಕೂದಲಾಗಿ ಬಣ್ಣದ ಬೂಷ್ಟು ಬಂದ್ರೆ, ಅಥವಾ ಲೋಳೆ ಲೋಳೆ ಆಗಿ ಕೊಳೆತ ವಾಸನೆ ಬಂದ್ರೆ ಎಸೀರಿ, ಜಿಪುಣತನ ಬೇಡ. ವಿನಿಗರ್ ಹಾಕಿ ಮಾಡೋದಾದ್ರೆ 5 ಶೇಕಡಾ ಆಮ್ಲದ ವಿನಿಗರ್ ಬೇಕು, ನೀರು ವಿನಿಗರ್‌ಗಿಂತ ಜಾಸ್ತಿ ಆಗಬಾರದು, ಹುಳಿ ಜಾಸ್ತಿ ಅನ್ಸಿದ್ರೆ ಸಕ್ಕರೆ ಹಾಕಿ, ನೀರು ಸೇರಿಸ್ಬೇಡಿ.

ಬಾಟ್ಲಿಂಗ್ ವಿಷಯಕ್ಕೆ ಬಂದ್ರೆ ಇಲ್ಲಿ ಮಾತ್ರ ಅಂದಾಜು ನಡೆಯಲ್ಲ. ಫ್ರಾನ್ಸಿನ ನಿಕೊಲಾ ಅಪೇರ್ ಅನ್ನೋ ಮಿಠಾಯಿ ಮಾಡೋನು ಗಾಜಿನ ಬಾಟ್ಲಿಗೆ ಆಹಾರ ತುಂಬಿ ಬಿರಡೆ ಬಿಗಿದು ನೀರಲ್ಲಿ ಕುದಿಸಿ ಕಾಪಿಡೋ ದಾರಿ ಕಂಡುಹಿಡಿದು, 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ತಗೊಂಡ. ಅದು ಯಾಕೆ ಕೆಲಸ ಮಾಡತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ, ಸೂಕ್ಷ್ಮಜೀವಿಗಳ ಪಾತ್ರ ಏನು ಅಂತ ಲೂಯಿ ಪಾಶ್ಚರ್ ತೋರಿಸಿದ್ದು ಸುಮಾರು ಐವತ್ತು ವರ್ಷ ಆದ ಮೇಲೆ. ಸಮಸ್ಯೆ ಏನಂದ್ರೆ ಮಣ್ಣಲ್ಲಿರೋ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿ ಕುದಿತಕ್ಕೂ ಸಾಯಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ನೀರಿರೋ, ಕೋಣೆಯ ಶಾಖದ ಜಾಗ ಸಿಕ್ರೆ ಮೊಳೆತು ವಿಷ ಮಾಡ್ತವೆ, ಮುಚ್ಚಿದ ಬೀನ್ಸ್ ಬಾಟ್ಲಿ ಅಂದ್ರೆ ಸರಿಯಾಗಿ ಅದೇ ಜಾಗ. ಆ ವಿಷ ನರಗಳನ್ನ ಹಿಡಿದು ಪಾರ್ಶ್ವವಾಯು ಥರ ಮಾಡತ್ತೆ, ಉಸಿರು ನಿಲ್ಲಬಹುದು, ಮತ್ತೆ ಆಹಾರದ ರುಚಿ ವಾಸನೆಯಲ್ಲಿ ಏನೂ ಗೊತ್ತಾಗದೇ ಇರ್ಬಹುದು. ಅಂದ್ರೆ "ಮೂಸಿ ನೋಡಿದ್ರೆ ಚೆನ್ನಾಗಿತ್ತು" ಅನ್ನೋ ಪರೀಕ್ಷೆಗೆ ಇಲ್ಲಿ ಬೆಲೆ ಇಲ್ಲ.

ಅಪಾಯದ ಗೆರೆ ಇರೋದು ಪಿಎಚ್ 4.6ರಲ್ಲಿ, ಪಿಎಚ್ ಅಂದ್ರೆ ಹುಳಿ ಅಳೆಯೋ ಲೆಕ್ಕ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದಕ್ಕಿಂತ ಕೆಳಗೆ, ಅಂದ್ರೆ ಹುಳಿ ಜಾಸ್ತಿ ಇದ್ರೆ, ಈ ಬ್ಯಾಕ್ಟೀರಿಯಾ ಮೊಳೆಯಲ್ಲ, ಕುದಿಯೋ ನೀರಲ್ಲಿ ಬಾಟ್ಲಿಂಗ್ ಮಾಡಿದ್ರೆ ಸಾಕು, ವಿನಿಗರ್ ಉಪ್ಪಿನಕಾಯಿ ಇಲ್ಲಿ ಬರತ್ತೆ. ಮೇಲಿದ್ರೆ, ಅಂದ್ರೆ ಬೀನ್ಸು, ಕ್ಯಾರೆಟ್ಟು, ಬಟಾಣಿ, ಜೋಳ, ಸೊಪ್ಪು, ಇವಕ್ಕೆ ಪ್ರೆಶರ್ ಕ್ಯಾನರ್, ಅಂದ್ರೆ ಬಾಟ್ಲಿಂಗಿಗೇ ಅಂತ ಮಾಡಿರೋ ದೊಡ್ಡ ಒತ್ತಡದ ಪಾತ್ರೆ ಬೇಕೇ ಬೇಕು, 116ರಿಂದ 121 ಡಿಗ್ರಿ. ಟೊಮ್ಯಾಟೊ ಸರಿಯಾಗಿ ಗೆರೆ ಮೇಲೇ ಕೂತಿದೆ, ತಳಿ ಮೇಲೆ, ಎಷ್ಟು ಮಾಗಿದೆ ಅನ್ನೋದರ ಮೇಲೆ ಆಕಡೆ ಈಕಡೆ ಆಗತ್ತೆ, ಅದಕ್ಕೇ ಒಂದು ಲೀಟರ್ ಬಾಟ್ಲಿಗೆ ಎರಡು ದೊಡ್ಡ ಚಮಚ ಬಾಟ್ಲಿ ನಿಂಬೆರಸ ಹಾಕಲೇಬೇಕು, ಮನೆಯಲ್ಲಿ ಹಿಂಡಿದ ನಿಂಬೆಯ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ ಇರತ್ತೆ ಅಂತ ಬಾಟ್ಲಿದೇ ಹೇಳೋದು. ಮನೆ ಕುಕ್ಕರಲ್ಲಿ ಕೂಗಿಸಿದ್ರೆ ಆಗಲ್ವಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ. ಬಾಟ್ಲಿಂಗಿಗೆ ಕೊಟ್ಟಿರೋ ನಿಮಿಷಗಳ ಲೆಕ್ಕದಲ್ಲಿ ದೊಡ್ಡ ಕ್ಯಾನರ್ ನಿಧಾನಕ್ಕೆ ಕಾಯೋದು, ನಿಧಾನಕ್ಕೆ ತಣ್ಣಗಾಗೋದು ಎಲ್ಲ ಸೇರಿದೆ, ಸಣ್ಣ ಕುಕ್ಕರ್ ಬೇಗ ಕಾದು ಬೇಗ ತಣ್ಣಗಾಗೋದರಿಂದ ಬಾಟ್ಲಿ ನಡುವಿಗೆ ಸಾಕಷ್ಟು ಶಾಖ ತಲುಪಿದೆ ಅಂತ ಹೇಳೋಕಾಗಲ್ಲ. ಕ್ಯಾನರ್ ಇಲ್ಲದಿದ್ರೆ ಫ್ರೀಜ್ ಮಾಡಿ, ಅಷ್ಟೇ.

ಇದೇ ಕಾರಣಕ್ಕೆ ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ ಹೊರಗಿಡಬೇಡಿ. ಎಣ್ಣೆ ಕಾಪಾಡತ್ತೆ ಅಂತ ಅನ್ಸತ್ತೆ, ಅದು ಮಾಡೋದು ಗಾಳಿ ತಡೆಯೋದು ಮಾತ್ರ, ಬೊಟುಲಿನಮ್‌ಗೆ ಬೇಕಾಗಿರೋದೂ ಅದೇ. 1985ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಹೀಗೆ ಎಣ್ಣೆಯಲ್ಲಿದ್ದ ಬೆಳ್ಳುಳ್ಳಿ ತಿಂದು 36 ಜನಕ್ಕೆ ಬೊಟುಲಿಸಮ್, ಅಂದ್ರೆ ಈ ವಿಷದಿಂದ ಬರೋ ಕಾಯಿಲೆ ಆಗಿತ್ತು. ಫ್ರಿಜ್ಜಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ, ಜಾಸ್ತಿ ಇದ್ರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡಿ.

ಇನ್ನು ಅಡುಗೆ. ಚಳಿಗಾಲದಲ್ಲಿ ತೆಗೆದ ತರಕಾರಿನ ತಾಜಾ ತರಕಾರಿ ಅಂದ್ಕೊಂಡು ಬೇಯಿಸೋದರಲ್ಲೇ ಅರ್ಧ ಅಡುಗೆ ಕೆಡೋದು. ಫ್ರೀಜ್ ಮಾಡಿದ ಬೀನ್ಸು ಬಟಾಣಿನ ಕರಗಿಸ್ಬೇಡಿ, ನೇರ ಬಿಸಿ ಬಾಣಲೆಗೆ ಹಾಕಿ, ಉರಿ ಜೋರಾಗಿರಲಿ, ಮುಚ್ಚಬೇಡಿ, ಸ್ವಲ್ಪ ಸ್ವಲ್ಪನೇ ಹಾಕಿ, ಇಲ್ಲಾಂದ್ರೆ ಬಾಣಲೆ ತಣ್ಣಗಾಗಿ ಅದು ಬಿಡೋ ನೀರಲ್ಲೇ ಬೆಂದು ಪೇಲವ ಆಗತ್ತೆ. ಬ್ಲಾಂಚ್ ಆಗಿರೋದರಿಂದ ಅರ್ಧ ಬೆಂದೇ ಇರತ್ತೆ, ಸೂಪಿಗಾದ್ರೆ ಕೊನೆಗೆ ಹಾಕಿ. ಸೊಪ್ಪನ್ನ ಮಾತ್ರ ಸ್ವಲ್ಪ ಕರಗಿಸಿ ಹಿಂಡಿ. ಇಡಿಯಾಗಿ ಫ್ರೀಜ್ ಮಾಡಿದ ಟೊಮ್ಯಾಟೊನ ನಲ್ಲಿ ನೀರಿನ ಕೆಳಗೆ ಹಿಡಿದು ಉಜ್ಜಿದ್ರೆ ಸಿಪ್ಪೆ ತಾನಾಗೇ ಕಳಚ್ಕೊಳ್ಳತ್ತೆ, ಇದೊಂದಕ್ಕೋಸ್ಕರ ಆದ್ರೂ ನಾನು ಟೊಮ್ಯಾಟೊನ ಬೇರೆ ಹೇಗೂ ಇಡಲ್ಲ. ಕರಗಿದಾಗ ಬರೋ ತೆಳು ನೀರನ್ನ ಬಸಿದು ಬೇರೆ ಅಡುಗೆಗೆ ಹಾಕಿದ್ರೆ ಉಳಿದ ತಿರುಳು ಬೇಗ ಗಟ್ಟಿಯಾಗತ್ತೆ, ಗಂಟೆಗಟ್ಟಲೆ ಕುದಿಸೋ ಕಷ್ಟ ತಪ್ಪತ್ತೆ.

ಒಣಗಿಸಿದ್ದಕ್ಕೆ ಒಂದು ಬಟ್ಟಲಿಗೆ ಒಂದೂವರೆಯಿಂದ ಎರಡು ಬಟ್ಟಲು ಬಿಸಿನೀರು, ಗಡ್ಡೆಗಳಾದ್ರೆ ಅರ್ಧದಿಂದ ಒಂದೂವರೆ ಗಂಟೆ. ಉಪ್ಪು ಆಮೇಲೆ ಹಾಕಿ, ಮೊದಲೇ ಹಾಕಿದ್ರೆ ನೀರು ಸರಿಯಾಗಿ ಹೀರಲ್ಲ. ನೆನೆಸಿದ ನೀರು ಚೆಲ್ಲಬೇಡಿ, ರುಚಿ ಅದರಲ್ಲೇ ಇರತ್ತೆ. ಎರಡು ಗಂಟೆಗಿಂತ ಜಾಸ್ತಿ ನೆನೆಯೋದಿದ್ರೆ ಫ್ರಿಜ್ಜಲ್ಲಿಡಿ, ಯಾಕಂದ್ರೆ ನೀರು ವಾಪಸ್ ಬಂದ ಮೇಲೆ ಬ್ಯಾಕ್ಟೀರಿಯಾನೂ ವಾಪಸ್ ಬರತ್ತೆ. ಒಣ ಟೊಮ್ಯಾಟೊ, ಈರುಳ್ಳಿ, ಸೊಪ್ಪನ್ನ ಪುಡಿ ಮಾಡಿಟ್ಕೊಂಡ್ರೆ ಸೂಪು ತೆಳುವಾದಾಗ ಒಂದು ಚಮಚ ಹಾಕಿದ್ರೆ ಸಾಕು, ದಪ್ಪನೂ ಆಗತ್ತೆ ರುಚಿನೂ ಏರತ್ತೆ.

ಹುಳಿಸಿದ ಎಲೆಕೋಸು, ಟೊಮ್ಯಾಟೊ ಇಂಥ ಹುಳಿ ಪದಾರ್ಥ ಹಾಕೋ ಅಡುಗೆಯಲ್ಲಿ ಒಂದು ವಿಷಯ ತಲೆಯಲ್ಲಿರಲಿ, ಹುಳಿ ಬಿದ್ದ ಮೇಲೆ ಆಲೂಗಡ್ಡೆ, ಕಾಳು, ಕ್ಯಾರೆಟ್ಟು ಬೇಯೋಕೆ ಸತಾಯಿಸತ್ತೆ. ತರಕಾರಿಯ ಜೀವಕೋಶಗಳನ್ನ ಅಂಟಿಸಿ ಹಿಡಿದಿರೋ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗಲ್ಲ. ಹಾಗಾಗಿ ಗಡ್ಡೆ ಕಾಳು ಪೂರ್ತಿ ಮೆತ್ತಗಾದ ಮೇಲೇ ಹುಳಿ ಸೇರಿಸಿ, ಉಪ್ಪಂತೂ ಕೊನೆಗೆ ನೋಡ್ಕೊಂಡು ಹಾಕಿ, ಹುಳಿಸಿದ್ದರಲ್ಲಿ ಆಗ್ಲೇ ಸಾಕಷ್ಟಿರತ್ತೆ.

ಯಾವುದನ್ನ ಮೊದಲು ಖಾಲಿ ಮಾಡೋದು ಅಂದ್ರೆ, ಪೆಟ್ಟು ಬಿದ್ದಿರೋದು, ಹಸಿಯಾಗಿಟ್ಟ ಎಲೆಕೋಸು, ಪೇಪರಲ್ಲಿ ಸುತ್ತಿದ ಟೊಮ್ಯಾಟೊ ಮೊದಲು. ಕುಂಬಳಕಾಯಿ ಎರಡು ಮೂರು ತಿಂಗಳೊಳಗೆ, ಒಂದಕ್ಕೆ ಮೆತ್ತನೆ ಕಲೆ ಕಂಡ್ರೆ ಅವತ್ತೇ ಕೊಯ್ದು ಚೆನ್ನಾಗಿರೋ ಭಾಗ ಬೇಯಿಸಿ ಹಿಚುಕಿ ಫ್ರೀಜರಿಗೆ. ಮರಳಲ್ಲಿರೋ ಗಡ್ಡೆ, ಈರುಳ್ಳಿನ ವಾರಕ್ಕೊಂದ್ಸಲ ಮುಟ್ಟಿ ನೋಡಿ, ಕೊಳೆತದ್ದು ಒಂದು ಇದ್ರೂ ಪಕ್ಕದ್ದಕ್ಕೆ ಹಬ್ಬತ್ತೆ. ಫ್ರೀಜರಿಂದು, ಒಣಗಿಸಿದ್ದು ಕೊನೆಗೆ ಇರಲಿ. ಫ್ರೀಜರಲ್ಲಿ ಎಂಟರಿಂದ ಹನ್ನೆರಡು ತಿಂಗಳು ದಾಟಿದ್ದು -18 ಡಿಗ್ರಿಯಲ್ಲೇ ಇದ್ರೆ ತಿನ್ನೋಕೆ ಅಪಾಯ ಇಲ್ಲ, ರುಚಿ ಹೋಗಿರತ್ತೆ ಅಷ್ಟೆ, ಬೇಯಿಸಿ ಸೋಸಿ ಸೂಪಿನ ನೀರು ಮಾಡ್ಕೊಳ್ಳಿ. ಮತ್ತೆ ಹಾಗೆ ಮುಟ್ಟದೇ ಉಳಿದಿದ್ದು ಯಾವ ತರಕಾರಿ ಅಂತ ಕವರ್ ಮೇಲೆ ಬರೆದಿರೋದು ನೋಡಿ ಗುರುತು ಹಾಕ್ಕೊಳ್ಳಿ, ಮುಂದಿನ ಸಲ ಬೀಜ ಹಾಕುವಾಗ ಅದನ್ನ ಒಂದು ಸಾಲು ಕಮ್ಮಿ ಮಾಡ್ಬಹುದು.